ಮಣೆ ಕೊಟ್ಟ ಸೀಮೆಸುಣ್ಣ

ಚೌಕಾಬಾರದ ಮರದ ಮಣೆಗೆ ಅಟ್ಟ ಸೇರುವ ಭಯ ಹತ್ತಿತ್ತು. ಇದ್ದ ಇಪ್ಪತ್ತೈದು ಮನೆಗಳನ್ನೇ ಸುತ್ತಿ ಸುತ್ತಿ ಹುಣಸೆಬೀಜ, ಬಳೆಚೂರು ಮೊದಲಾದ ಕಾಯಿಗಳು ಬೇಸತ್ತಿದ್ದವು. ಮಣೆ ಅವುಗಳಿಗೆ ಒಂದು ತುಂಡು ಸೀಮೆಸುಣ್ಣ ಕೊಟ್ಟು, "ಬೇಕಾದ ಮನೆಗಳನ್ನು ನೀವೇ ಬರೆದುಕೊಳ್ಳಿ," ಎಂದಿತು.

ಹುಣಸೆಬೀಜ ಮಣೆಯ ಮೇಲೆ ಓರೆಯಾದ ದಾರಿಯೊಂದನ್ನು ಎಳೆಯಿತು. ಅದರ ತುದಿಯಲ್ಲಿ ಬಳೆಚೂರು, ಹೊಡೆತ ತಿಂದ ಕಾಯಿ ಕೂತು ದಣಿವಾರಿಸಿಕೊಳ್ಳಲೆಂದು ಒಂದು ಮನೆ ಬರೆಯಿತು. ಮಣೆ ಬೆರಗಾಯಿತು. ಮೂರು ತಲೆಮಾರಿನ ಆಟ ಕಂಡಿದ್ದ ಅದಕ್ಕೆ, ಇಂಥದೊಂದು ಮನೆ ಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಆದರೂ ಅದು ಹೇಳಿತು: "ನನ್ನ ಮೈಮೇಲೆ ಬರೆದದ್ದೆಲ್ಲ ನನ್ನದು. ಬರೆದವರ ಹೆಸರು ಬೇಡ."

"ಹಾಗಾದರೆ ಮೈ ಒರೆಸಿಕೊಳ್ಳಿ, ಮಣೆರಾಯರೇ," ಎಂದು ಹುಣಸೆಬೀಜ ಸೀಮೆಸುಣ್ಣದೊಂದಿಗೆ ನೆಲಕ್ಕಿಳಿಯಿತು. ಉಳಿದ ಕಾಯಿಗಳೂ ಇಳಿದವು. ಅವು ಬರೆದ ಮನೆಗಳು ಪಡಸಾಲೆಯನ್ನು ತುಂಬಿ, ಹೊಸ್ತಿಲು ದಾಟಿ, ಅಂಗಳದುದ್ದಕ್ಕೂ ಹರಡಿದವು. ಅಂಚೇ ಇಲ್ಲದ ಆಟವನ್ನು ಮಣೆ ಮೊದಲ ಬಾರಿ ಕಂಡಿತು.

ಕೊನೆಗೆ ಮೆಲ್ಲಗೆ ಕೇಳಿತು: "ಅಲ್ಲಿ ನನಗೆ ಜಾಗವಿದೆಯೇ?"

ಬರೆಯುವುದನ್ನು ನಿಲ್ಲಿಸದೆ ಬಳೆಚೂರು ಉತ್ತರಿಸಿತು: "ಹೊಡೆತ ತಿಂದವರಿಗೆಂದು ಒಂದು ಮನೆ ಇಲ್ಲೂ ಬರೆದಿದ್ದೇವೆ. ಬನ್ನಿ."