ಕಲಾಯಿ ಮಕ್ತುಮಸಾಬನ ಪಾದ

ಕೂತುಕೊಳ್ಳಿ, ಹೇಳುತ್ತೇನೆ. ಎಷ್ಟು ಹಿಂದಿನ ಮಾತು ಎಂದು ಮಾತ್ರ ಕೇಳಬೇಡಿ. ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆಗ ಕರಿಮಣ್ಣಿನ ಎರೆಸೀಮೆಯಲ್ಲಿ ಕಲ್ಲಹಾಳ ಅಂತ ಒಂದು ಊರಿತ್ತು. ಆ ಊರಿಗೊಂದು ಮಠವಿತ್ತು, ಆ ಮಠಕ್ಕೊಂದು ತಾಮ್ರದ ಕೊಪ್ಪರಿಗೆ ಇತ್ತು. ಕೊಪ್ಪರಿಗೆ ಎಂದರೆ ನಿಮ್ಮ ಬಚ್ಚಲಮನೆಯ ಹಂಡೆ ಅಂದುಕೊಳ್ಳಬೇಡಿ. ಒಂದು ಜೊತೆ ಎತ್ತು ಒಳಗೆ ಮಲಗಿ ಮೆಲುಕು ಹಾಕಬಹುದಿತ್ತಂತೆ. ಎತ್ತನ್ನು ಯಾರು ಇಳಿಸಿ ನೋಡಿದರೋ ಕಾಣೆ, ಹಾಗೆ ಹೇಳುತ್ತಾರೆ.

ಇಮಾಮಸಾಬಿಗೂ ಗೋಕುಲಾಷ್ಟಮಿಗೂ ಏನು ಸಂಬಂಧ ಅಂತ ಗಾದೆ ಹೇಳುತ್ತೀರಲ್ಲ, ಅದನ್ನು ಕಲ್ಲಹಾಳದಲ್ಲಿ ಹೇಳಿ ನೋಡಿ. ಮುದುಕಿಯರು ಸೌಟು ಹಿಡಿದು ಬರುತ್ತಾರೆ. ಆ ಊರಿನ ಎತ್ತುಗಳಿಗೆ ಲಾಳ ಬಡಿದವರು ನಾಲಬಂದರು. ಮದುವೆಯ ಗಾದಿಗೆ ಹತ್ತಿ ಹಿಂಜಿದವರು ಪಿಂಜಾರರು. ಹೊಸ ಸೊಸೆಯ ಕೈಗೆ ನೋವಾಗದಂತೆ ಹಸಿರು ಬಳೆ ಏರಿಸಿದವಳು ಮುಸಲ್ಮಾನರ ಓಣಿಯ ಮುದುಕಿ. ಇನ್ನು ಆ ಊರು ಉಂಡ ಅನ್ನ ವಿಷವಾಗದಂತೆ ಕಾಪಾಡಿದವನು ಯಾರು? ಹೊಳೆಯಾಚೆಯ ಕಲಾಯಿ ಮಕ್ತುಮಸಾಬ.

ತಾಮ್ರದ ಪಾತ್ರೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಕಿಲುಬು ಹೊಟ್ಟೆಗೆ ಹೋದರೆ ಆಯಿತು ಕಥೆ. ಅದಕ್ಕೇ ಒಳಗೆ ತವರದ ಕಲಾಯಿ ಹಾಕಿಸಬೇಕು. ಮಕ್ತುಮಸಾಬ ಹೆಗಲಿಗೆ ಬೆಂಕಿ ಊದುವ ತಿದಿ, ಕಂಕುಳಿಗೆ ತವರ ಹಿಡಿಯಲು ಉದುರಿಸುವ ನವಸಾಗರದ ಗಂಟು ಏರಿಸಿಕೊಂಡು ಊರೂರು ತಿರುಗುತ್ತಿದ್ದ. ಅವನು ಕಲಾಯಿ ಹಾಕಿದ ಪಾತ್ರೆಯಲ್ಲಿ ಹಾಲು ಒಡೆಯುತ್ತಿರಲಿಲ್ಲವಂತೆ. ಬೆಕ್ಕೊಂದು ಹಾಲು ಕುಡಿಯಲು ಬಗ್ಗಿ, ತನ್ನದೇ ಮುಖ ಕಂಡು, ನನಗಿಂತ ಮೊದಲೇ ಇನ್ನೊಂದು ಬಂದು ಕೂತಿದೆ ಅಂತ ಓಡಿಹೋಯಿತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕಲ್ಲಹಾಳದ ಮಠದಲ್ಲಿ ಸುಗ್ಗಿ ಮುಗಿದ ಮೇಲೆ ಪಂಕ್ತಿ ಆಗುತ್ತಿತ್ತು. ಮನೆಮನೆಯಿಂದ ಒಂದೊಂದು ಬೊಗಸೆ ಗೋಧಿ ಬರಬೇಕು, ಅಷ್ಟೂ ಅದೇ ಕೊಪ್ಪರಿಗೆಗೆ ಬೀಳಬೇಕು, ಹುಗ್ಗಿಯಾಗಬೇಕು, ಊರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಗೌಡನ ಗೋಧಿ ಯಾವುದು, ಕೂಲಿಯವನ ಗೋಧಿ ಯಾವುದು ಅಂತ ಹುಗ್ಗಿಯಲ್ಲಿ ಹುಡುಕಿ ನೋಡೋಣ! ಮಠದ ಹಿರಿಯ ಅಜ್ಜನವರು, ಪಂಕ್ತಿ ಮುರಿದ ದಿನ ಊರು ಮುರಿಯುತ್ತದೆ ಎಂದು ಹೇಳಿದ್ದರಂತೆ. ಆ ಮಾತನ್ನು ಊರು ಹೆದರಿಕೊಂಡೇ ಪಾಲಿಸುತ್ತಿತ್ತು.

ಪಂಕ್ತಿಗೆ ಮೊದಲು ಮಕ್ತುಮಸಾಬ ಬರುತ್ತಿದ್ದ. ಮಠದ ಅಂಗಳದ ಬೇವಿನ ಕೊಂಬೆಗೆ ಹಗ್ಗ ಕಟ್ಟುತ್ತಿದ್ದ. ಕಲಾಯಿ ಹಿಡಿಯಬೇಕಾದರೆ ಮೊದಲು ಪಾತ್ರೆ ಕನ್ನಡಿಯಂತೆ ತಿಕ್ಕಿರಬೇಕು. ಆ ಕೊಪ್ಪರಿಗೆಯ ತಳ ಕೈಗೆ ಎಟುಕುವಂಥದ್ದಲ್ಲ. ಎಟುಕಿದರೂ ಕೈಯ ಬಲ ಅದಕ್ಕೆ ಸಾಲದು. ಒಳಗೆ ಇಳಿದು, ಮರಳು ಹಾಕಿ, ಗೋಣಿಯ ಮೇಲೆ ಎರಡೂ ಪಾದ ಊರಿ, ಹಗ್ಗ ಹಿಡಿದು, ಸೊಂಟ ತಿರುವಿ ತಿರುವಿ ಮೈಭಾರದಿಂದಲೇ ತಿಕ್ಕಬೇಕು. ನೋಡುವವರಿಗೆ ಕುಣಿದ ಹಾಗೆ ಕಾಣುತ್ತಿತ್ತು. ಇಳಿಯುವ ಮೊದಲು ಅವನು ನಮಾಜಿಗೆ ತೊಳೆಯುವ ಹಾಗೆ ಕೈ, ಬಾಯಿ, ಮುಖ ತೊಳೆದು, ಕೊನೆಗೆ ಹಿಮ್ಮಡಿಯವರೆಗೂ ಕಾಲು ತೊಳೆಯುತ್ತಿದ್ದ. ಆಮೇಲೆ ಕೊಪ್ಪರಿಗೆಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪು ತಿಳೀಬ್ಯಾಡವ್ವಾ ಅನ್ನುತ್ತಿದ್ದ. ಪಾತ್ರೆಯ ಹತ್ತಿರ ಯಾರಾದರೂ ಕ್ಷಮೆ ಕೇಳುತ್ತಾರೆಯೇ? ಅವನು ಕೇಳುತ್ತಿದ್ದ. ಅಂಥ ಮನುಷ್ಯ.

ಹೀಗಿರುವಾಗ ಅಜ್ಜನವರು ಲಿಂಗೈಕ್ಯರಾದರು. ಮಠಕ್ಕೆ ಹೊಸ ಕಾರಭಾರಿಯಾಗಿ ಚನಬಸಯ್ಯ ಬಂದ. ಕೆಟ್ಟವನಲ್ಲ, ಒಂದು ಕಾಳು ಕದ್ದವನಲ್ಲ. ಆದರೆ ಶುದ್ಧ ಅಶುದ್ಧ ಅನ್ನುವುದು ತಲೆಗೇರಿ ಕೂತಿತ್ತು. ಆ ವರ್ಷ ಅವನು ಅಂಗಳಕ್ಕೆ ಬಂದು ನೋಡುತ್ತಾನೆ, ಪ್ರಸಾದದ ಕೊಪ್ಪರಿಗೆಯೊಳಗೆ ಒಬ್ಬ ನಿಂತು ತಿರುಗುತ್ತಿದ್ದಾನೆ! ತೊಳೆದದ್ದನ್ನು ಅವನು ನೋಡಿರಲಿಲ್ಲ, ತುಳಿದದ್ದನ್ನಷ್ಟೇ ನೋಡಿದ.

"ಏಯ್, ಹೊರಗ ಬಾ!" ಅಂದ. "ಪ್ರಸಾದ ಆಗೋ ಕೊಪ್ಪರಿಗ್ಯಾಗ ಕಾಲ ಇಡತೀಯೇನು? ಅದೂ ನಿನ್ನ ಕಾಲು!"

ನಿನ್ನ ಕಾಲು ಅಂದರೆ ಏನರ್ಥ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಊರು ಮಾಡಿದ ತಪ್ಪು ಅದೇ, ನೆನಪಿಟ್ಟುಕೊಳ್ಳಿ. ಮಕ್ತುಮಸಾಬ ಹಗ್ಗ ಬಿಟ್ಟ, ಹೊರಗೆ ಬಂದ, ಒಂದು ಗಳಿಗೆ ತನ್ನ ಪಾದವನ್ನೇ ನೋಡಿದ. ತಿದಿ ಹೆಗಲಿಗೇರಿಸಿ ಹೊಳೆಯ ದಾರಿ ಹಿಡಿದ. ಹಗ್ಗ ಮಾತ್ರ ಬೇವಿನ ಕೊಂಬೆಯಲ್ಲೇ ನೇತಾಡುತ್ತ ಉಳಿಯಿತು.

ಆಮೇಲೆ ನಡೆದದ್ದು ಕೇಳಿದರೆ ನಗು ಬರುತ್ತದೆ. ಚನಬಸಯ್ಯ ಉದ್ದನೆಯ ಗಳಕ್ಕೆ ಗೋಣಿ ಕಟ್ಟಿಸಿ ತಿಕ್ಕಿಸಿದ. ಗಳ ಮುರಿಯಿತು, ಕಪ್ಪು ಹೋಗಲಿಲ್ಲ. ಕೊಪ್ಪರಿಗೆಯನ್ನು ಮಗುಚಿಸಿದ, ಮಲಗಿಸಿದ, ಹುಣಸೆಹಣ್ಣು ಮೆತ್ತಿಸಿದ. ಅಂಚು ಫಳಫಳ ಹೊಳೆಯಿತು, ತಳ ಹಾಗೇ ಉಳಿಯಿತು. ಬೇರೆ ಊರುಗಳ ಕಲಾಯಿಗಾರರಿಗೆ ಹೇಳಿ ಕಳಿಸಿದ. ಬಂದವರು ಬೇವಿನ ಕೊಂಬೆಯ ಹಗ್ಗ ನೋಡಿದರು, ಯಾರದು ಎಂದು ಕೇಳಿದರು. ಮಕ್ತುಮಚಾಚಾ ಹೊರಗೆ ಬಂದ ಪಾತ್ರೆಯೊಳಗೆ ನಾವು ಇಳಿಯುವವರಲ್ಲ ಎಂದು ನೀರು ಕೂಡ ಕುಡಿಯದೆ ಹೋದರಂತೆ. ಎಂಥ ಮಾನವಂತರು ನೋಡಿ!

ಪಂಕ್ತಿಯ ದಿನ ಹತ್ತಿರ ಬಂತು. ಊರಿನಲ್ಲಿ ಗುಸುಗುಸು ಎದ್ದಿತು. ಈ ಸಲ ಮೇಲಿನ ಓಣಿಯವರು ತಮ್ಮ ಹಂಡೆಯಲ್ಲಿ ಮಾಡಿಕೊಳ್ಳಲಿ, ಕೆಳಗಿನ ಓಣಿಯವರು ತಮ್ಮ ಹಂಡೆಯಲ್ಲಿ ಮಾಡಿಕೊಳ್ಳಲಿ ಅಂತ ಯಾರೋ ಅಂದರು. ಹಂಡೆ ಎರಡಾದರೆ ಸಾಲೂ ಎರಡು. ಸಾಲು ಎರಡಾದ ಮೇಲೆ ಊರು ಒಂದು ಅಂತ ಹೇಗೆ ಹೇಳುವುದು?

ಮಠದ ಅಡುಗೆಯ ನೀಲವ್ವನಿಗೆ ಅನ್ನ ಸೇರದಾಯಿತು. ಅವಳು ಸೆರಗು ಬಿಗಿದು ಹೊಳೆ ದಾಟಿ ಮಕ್ತುಮಸಾಬನ ಮನೆಗೆ ನಡೆದಳು. ಅವನು ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ತಿದಿಯ ಮೇಲೆ ಧೂಳು ಕೂತಿತ್ತು.

"ಸಿಟ್ಟಾಗೀಯೇನು ಮಕ್ತುಮಣ್ಣ?" ಅಂದಳು.

"ಸಿಟ್ಟಿಲ್ಲ ತಂಗಿ," ಅಂದ ಅವನು. "ಆದ್ರ ಅವತ್ತಿನಿಂದ ಯಾವ ಪಾತ್ರ್ಯಾಗೂ ಕಾಲ ಇಡಾಕ ಮನಸ ಬರವಲ್ದು. ನನ್ನ ಕಾಲ ನೋಡಿದ್ರ ನನಗ ಹೇಸಿಕಿ ಬಂದಂಗ ಆಗತೈತಿ. ಹೊರಗ ಬಾ ಅಂದವ್ರು ಒಳಗ ಇಳಿ ಅನ್ನಲಿ. ಮತ್ತೇನೂ ಬ್ಯಾಡ."

ನೀಲವ್ವ ಅತ್ತುಕೊಂಡೇ ತಿರುಗಿ ಬಂದಳು. ಮಠದ ಕಟ್ಟೆಗೆ ಊರನ್ನು ಕೂಡಿಸಿದಳು. ಹೆಣ್ಣುಮಗಳು ಕಟ್ಟೆಯ ಮುಂದೆ ನಿಂತು ಮಾತಾಡಿದ್ದು ಅದೇ ಮೊದಲಂತೆ.

"ಅಯ್ಯಾರ," ಅಂದಳು ಚನಬಸಯ್ಯನಿಗೆ, "ಕಣದಾಗ ಎತ್ತು ತುಳಿದ ಗೋಧಿ ಉಂಡೀವಿ. ಕುಂಬಾರ ತುಳಿದ ಮಣ್ಣಿನ ಗಡಿಗ್ಯಾಗ ನೀರ ಕುಡದೀವಿ. ನೀವು ಕುಂತೀರಲ್ಲ, ಆ ಮಠದ ಗ್ವಾಡಿ ಮಣ್ಣ ತುಳದವ್ರು ಯಾರು? ಅದೂ ಕಾಲಲೇ ತುಳದದ್ದು. ಎಲ್ಲಾರ ಕಾಲೂ ನಡೀತಾವ, ಮಕ್ತುಮಣ್ಣನ ಕಾಲ ಒಂದ ನಡ್ಯಾಂಗಿಲ್ಲಾ? ಆ ಕಾಲ ತೊಳದಷ್ಟು ನಮ್ಮ ಮನಸ ನಾವು ತೊಳದೀವಿ ಏನ್ರಿ?"

ಅವನು ಹೇಗೆ ತೊಳೆಯುತ್ತಿದ್ದ, ಅಂಚು ಮುಟ್ಟಿ ಏನು ಅನ್ನುತ್ತಿದ್ದ ಎಂಬುದನ್ನೂ ಹೇಳಿದಳು. ಚನಬಸಯ್ಯ ತಲೆ ತಗ್ಗಿಸಿದ. ಎದ್ದು ಒಳಗೆ ಹೋದ. ಆ ದಿನ ಅವನು ಪೂಜೆ ಮಾಡಿದ, ಊಟ ಮಾಡಲಿಲ್ಲವಂತೆ.

ಪಂಕ್ತಿಯ ಹಿಂದಿನ ದಿನ ನೀಲವ್ವ ಮತ್ತೆ ಹೊಳೆ ದಾಟಿದಳು. ಚನಬಸಯ್ಯ ತಲೆ ತಗ್ಗಿಸಿದ್ದನ್ನು ಹೇಳಿದಳು. ಆ ಮಾತಿನ ಮೇಲೆ ಮಕ್ತುಮಸಾಬ ಬಂದ. ಬಂದು ಕೊಪ್ಪರಿಗೆಯ ಪಕ್ಕದ ಕಲ್ಲಿನ ಮೇಲೆ ನಿಂತ. ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಅವನು ಚೆಂಬು ತೆಗೆದುಕೊಂಡು ಕೈ ತೊಳೆದ, ಬಾಯಿ ಮುಕ್ಕಳಿಸಿದ, ಮುಖ ತೊಳೆದ, ಮೊಣಕೈವರೆಗೆ ತೊಳೆದ, ಒದ್ದೆ ಕೈಯನ್ನು ತಲೆಯ ಮೇಲೆ ಆಡಿಸಿದ. ಇನ್ನು ಪಾದ ಉಳಿದಿತ್ತು. ಚೆಂಬು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟ. ಕರೆಯದೆ ಇಳಿಯುವವನಲ್ಲ.

ಆಗ ಚನಬಸಯ್ಯ ಒಳಗಿನಿಂದ ಬಂದ. ನಾಲಗೆ ಹೊರಳಲೊಲ್ಲದು. ಬಗ್ಗಿ ಚೆಂಬು ಎತ್ತಿಕೊಂಡ. ಮಕ್ತುಮಸಾಬನ ಪಾದದ ಮೇಲೆ ನೀರು ಹಾಕತೊಡಗಿದ.

ಮಕ್ತುಮಸಾಬ ಕಾಲು ಹಿಂದಕ್ಕೆಳೆದ. "ಅಯ್ಯಾರ, ಬ್ಯಾಡ್ರಿ!" ಅಂದ.

"ನಿಂದರು," ಅಂದ ಚನಬಸಯ್ಯ. ಮಠದ ಅಯ್ಯನ ಪಾದಕ್ಕೆ ಊರು ನೀರು ಹಾಕುವುದು ರೂಢಿ. ಅಯ್ಯನೇ ಇನ್ನೊಬ್ಬನ ಪಾದಕ್ಕೆ ನೀರು ಹಾಕಿದ್ದನ್ನು ಆ ಊರು ಕಂಡಿದ್ದು ಅಂದೇ. ಬಲಪಾದ ತೊಳೆದ, ಎಡಪಾದ ತೊಳೆದ, ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ಆಮೇಲೆ ನಾಲಗೆ ತಾನೇ ಬಿಚ್ಚಿಕೊಂಡಿತು.

"ಇಳಿಯಪಾ ಮಕ್ತುಮಣ್ಣ," ಅಂದ.

ಅಷ್ಟೇ. ಮಕ್ತುಮಸಾಬ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದ. ಕೊಂಬೆಯ ಹಗ್ಗ ಅವನಿಗಾಗಿಯೇ ಕಾದಿತ್ತು. ಅವನು ತಿರುಗಿದ ರಭಸಕ್ಕೆ ಬೇವಿನ ಮರವೇ ತೂಗಿತಂತೆ, ಎಲೆ ಉದುರಿ ಅಂಗಳ ಹಸಿರಾಯಿತಂತೆ. ತಳ ಹೊಳೆದ ಮೇಲೆ ಅವನು ಹತ್ತಿ ಹೊರಗೆ ಬಂದ, ಒಲೆ ಹೊತ್ತಿಸಿದರು. ತಿದಿ ಒತ್ತಲು ಊರು ಮುಗಿಬಿತ್ತು. ಗೌಡ ಒತ್ತಿದ, ಮಾದರ ದುರಗಪ್ಪ ಒತ್ತಿದ, ಚನಬಸಯ್ಯನೂ ಒತ್ತಿದ. ನವಸಾಗರದ ಬಿಳಿ ಹೊಗೆ ಎದ್ದಿತು, ಕಾದ ತಾಮ್ರದ ಮೇಲೆ ತವರ ಕರಗಿ ಹರಿಯಿತು. ಮಕ್ತುಮಸಾಬ ಅಂಚಿಗೆ ಬಾಗಿ, ಉದ್ದನೆಯ ಇಕ್ಕಳದಲ್ಲಿ ಹತ್ತಿ ಹಿಡಿದು ಒಂದೇ ಉಸಿರಿನಲ್ಲಿ ಒರೆಸಿದನಂತೆ. ಹೊಗೆ ಸರಿದಾಗ ಕೊಪ್ಪರಿಗೆಯೊಳಗೆ ಬೆಳದಿಂಗಳು ತುಂಬಿದ ಹಾಗಿತ್ತಂತೆ. ನಡು ಮಧ್ಯಾಹ್ನ ಎಲ್ಲಿಯ ಬೆಳದಿಂಗಳು ಅಂತ ಕೇಳಬೇಡಿ.

ಮರುದಿನ ಪಂಕ್ತಿ ಆಯಿತು, ಒಂದೇ ಸಾಲಿನಲ್ಲಿ ಆಯಿತು. ಮೊದಲ ಎಲೆ ಮಕ್ತುಮಸಾಬನಿಗೆ ಹಾಕಿದರು. ಪಕ್ಕದ ಎಲೆಗೆ ಚನಬಸಯ್ಯ ತಾನಾಗಿಯೇ ಬಂದು ಕೂತ. ಬಡಿಸಿದವಳು ನೀಲವ್ವ. ಮಕ್ತುಮಣ್ಣ ಬೇಡ ಬೇಡ ಅಂದರೂ ಹುಗ್ಗಿಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಳಂತೆ.

ಅವರೆಲ್ಲ ಮಣ್ಣಿಗೆ ಹೋಗಿ ಎಷ್ಟೋ ಕಾಲವಾಯಿತು. ಮಕ್ತುಮಸಾಬನ ಗೋರಿ ಹೊಳೆಯಾಚೆ ಇದೆ, ಪಂಕ್ತಿಯ ಮೊದಲ ಸೌಟು ಹುಗ್ಗಿ ಇಂದಿಗೂ ಅಲ್ಲಿಗೆ ಹೋಗುತ್ತದೆ. ಅವನು ನಿಂತ ಕಲ್ಲು ಮಠದ ಅಂಗಳದಲ್ಲೇ ಇದೆ. ಕೊಪ್ಪರಿಗೆ ಒಲೆಗೇರುವ ಮೊದಲು ಕಾರಭಾರಿ, ಯಾರೇ ಇರಲಿ, ಬರಿಗಾಲಲ್ಲಿ ಬಂದು ಆ ಕಲ್ಲಿನ ಮೇಲೆ ಒಂದು ಚೆಂಬು ನೀರು ಹಾಕುತ್ತಾನೆ. ವಸ್ತ್ರದಿಂದ ಒರೆಸುತ್ತಾನೆ. ಇಳಿಯಪಾ ಮಕ್ತುಮಣ್ಣ ಅನ್ನುತ್ತಾನೆ.

ಅಂದಕೂಡಲೇ ಯಾರೂ ಗೋಧಿ ಸುರಿಯುವುದಿಲ್ಲ. ಬೊಗಸೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತಾರೆ. ಹೊಸಬರು ಯಾರಾದರೂ ಯಾಕೆ ತಡ ಎಂದು ಕೇಳಿದರೆ ಮುದುಕಿಯರು ಗದರುತ್ತಾರೆ. ವಯಸ್ಸಾದ ಮನುಷ್ಯ, ಇಳಿಯುವುದಕ್ಕೆ ಹೊತ್ತು ಬೇಡವೇ?