ಮಚ್ಚೆ ಇದ್ದ ಕೆನ್ನೆ

“ಗುರುಗಳೇ, ಇಬ್ಬರು ಒಬ್ಬರನ್ನೇ ಕಂಡು ಎರಡು ಬಗೆಯಾಗಿ ಹೇಳಿದರೆ, ಯಾರ ಮಾತನ್ನು ಅಳಿಸಬೇಕು?”

ಕೇಳಿದವನು ಅಡವಯ್ಯ ಎಂಬ ಶಿಷ್ಯ. ಮಠದ ಹಿರಿಯ ಗುರುಗಳು ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ನಡೆನುಡಿಗಳನ್ನು ಬರೆದಿಡುವ ಕೆಲಸವನ್ನು ಅಡವಯ್ಯನಿಗೂ ಗುರುಪಾದನಿಗೂ ಒಪ್ಪಿಸಲಾಗಿತ್ತು. ಗುರುಪಾದ ಹಿರಿಯರಿಗೆ ಊಟ ಬಡಿಸುತ್ತಿದ್ದವನು. ಈಗ ಇಬ್ಬರೂ ಮಾತು ಬಿಟ್ಟಿದ್ದರು.

“ಎಲ್ಲಿ ಕೆಟ್ಟಿತು?” ಎಂದರು ಈಗಿನ ಗುರುಗಳು.

“ಹಿರಿಯರದು ಸದಾ ನಗುಮುಖ ಎಂದು ಅವನು ಬರೆದಿದ್ದಾನೆ. ನಾನು ಹನ್ನೊಂದು ವರ್ಷ ಅವರಿಗೆ ಛತ್ರಿ ಹಿಡಿದೆ. ಊರೂರು ತಿರುಗಿದೆವು. ಅವರು ನಕ್ಕದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಅವರದು ಗಂಭೀರ ನಡೆ. ಗುರುಪಾದ ಅವರನ್ನು ಬೇರೆ ಯಾರನ್ನೋ ಮಾಡಿಬಿಟ್ಟಿದ್ದಾನೆ. ಆ ಸಾಲನ್ನು ಅಳಿಸದಿದ್ದರೆ ನಾನು ಇನ್ನು ಬರೆಯುವುದಿಲ್ಲ.”

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ದೋಣಿಗಾರನಿದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ಮಗಳ ಹೆಸರು ನಿಂಗಿ. ಅವನು ಹೆಂಡತಿಯನ್ನು ‘ನಿಂಗಿಯವ್ವ’ ಎಂದು ಕರೆಯುತ್ತಿದ್ದ. ಅವಳು ಅವನನ್ನು ‘ನಿಂಗಿಯಪ್ಪ’ ಎಂದು ಕರೆಯುತ್ತಿದ್ದಳು. ಒಂಬತ್ತು ವರ್ಷ ತುಂಬಿದ ಮೇಲೆ ಹುಡುಗಿ ಜ್ವರ ಬಂದು ಐದು ದಿನದಲ್ಲಿ ತೀರಿಕೊಂಡಳು. ಆಮೇಲೆ ಗಂಡನಿಗೆ ಹೆಂಡತಿಯನ್ನು ಏನೆಂದು ಕರೆಯಬೇಕೆಂದು ತಿಳಿಯಲಿಲ್ಲ. ಹೆಂಡತಿಗೂ ತಿಳಿಯಲಿಲ್ಲ. ಊಟಕ್ಕೆ ಏಳಿ ಎನ್ನುವ ಬದಲು ಅವಳು ತಟ್ಟೆಯನ್ನು ಸದ್ದಾಗುವಂತೆ ಇಡುತ್ತಿದ್ದಳು. ದೋಣಿ ಕಟ್ಟಿ ಬಂದೆ ಎನ್ನುವ ಬದಲು ಅವನು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಒಲೆ ಹಚ್ಚುವಾಗ ಅವಳು ಮಗಳ ಮುಖವನ್ನು ನೆನೆದಳು. ಮೂಗು ಬಂತು, ತುಟಿ ಬಂತು, ಗದ್ದ ಬರಲಿಲ್ಲ. ಒಲೆ ಆರಿ ಹೋಗುವವರೆಗೆ ಕಾದಳು. ಕೊನೆಗೆ ಅದೂ ಬಂತು. ಆದರೆ ಅವಳಿಗೆ ಹೆದರಿಕೆಯಾಯಿತು. ಇವತ್ತು ಗದ್ದ ತಡವಾಯಿತು, ನಾಳೆ ಮುಖವೇ ಬಾರದಿದ್ದರೆ ಏನು ಮಾಡಲಿ ಎಂದುಕೊಂಡಳು.

ಅದೇ ವಾರ ಒಬ್ಬ ಮುದುಕ ಗೊಂಬೆಗಾರ ಹೊಳೆ ದಾಟಲು ಬಂದ. ದೋಣಿ ಆಚೆ ದಡದಲ್ಲಿತ್ತು. ಅವರ ಮನೆಯ ಜಗಲಿಯ ಮೇಲೆ ಕೂತು ಗಂಟು ಬಿಚ್ಚಿದ. ಎಲ್ಲವೂ ಮರದ ಗೊಂಬೆಗಳು. ಭುಜ, ಮೊಣಕೈ, ಸೊಂಟ, ಮೊಣಕಾಲು, ಹೀಗೆ ಪ್ರತಿ ಕೀಲಿನಲ್ಲೂ ಒಂದು ಮರದ ಗುಂಡು, ಗುಂಡು ಕೂರಲು ಒಂದು ಕುಳಿ. ಮೈಯ ಒಳಗೆ ಟೊಳ್ಳು. ಕತ್ತಿನಿಂದ ಪಾದದವರೆಗೆ ಹಾದ ಹುರಿ ಎಲ್ಲವನ್ನೂ ಹಿಡಿದಿತ್ತು. ಕೂರಿಸಿದರೆ ಕೂರುತ್ತಿದ್ದವು. ಕೈ ಎತ್ತಿಸಿದರೆ ಎತ್ತಿಕೊಂಡೇ ಇರುತ್ತಿದ್ದವು. ಒಂದು ಗೊಂಬೆಗೆ ಮಾತ್ರ ಬಣ್ಣವಿರಲಿಲ್ಲ, ಕೂದಲಿರಲಿಲ್ಲ. ಕಣ್ಣಿನ ಜಾಗದಲ್ಲಿ ಬರೀ ತಗ್ಗು ಇತ್ತು.

“ಇದನ್ನು ನನಗೆ ಕೊಡಿ,” ಎಂದಳು ನಿಂಗಿಯ ತಾಯಿ.

“ಅದಕ್ಕೆ ಇನ್ನೂ ಮುಖ ಬರೆದಿಲ್ಲ ತಾಯಿ. ಬಣ್ಣ ಹಚ್ಚಿರುವುದನ್ನು ತಗೊ.”

“ಮುಖ ಇಲ್ಲದ್ದೇ ಬೇಕು.”

“ಮುಂಚೆ ಯಾವತ್ತಾದರೂ ಬರೆದಿದ್ದೀಯಾ?”

“ಬಾಗಿಲಿಗೆ ರಂಗೋಲಿ ಬರೆದಿದ್ದೇನೆ.”

ಮುದುಕ ನಕ್ಕ. “ರಂಗೋಲಿ ನಿನ್ನನ್ನು ತಿರುಗಿ ನೋಡುವುದಿಲ್ಲವಲ್ಲ,” ಎಂದ.

ಆದರೂ ಕೊಟ್ಟ. ನಾಲ್ಕು ಬಣ್ಣದ ಪುಡಿ, ಒಂದು ಸಣ್ಣ ಕುಂಚ, ಒಂದು ಅರ, ಒಂದು ಕುಡಿಕೆ ಮೆರುಗೆಣ್ಣೆಯನ್ನೂ ಕೊಟ್ಟ. ದೋಣಿ ಬರುವವರೆಗೆ ಹೇಳಿಕೊಟ್ಟ.

“ಮೊದಲ ಸಲ ಬರೆಯುವವರು ನೇರ ಮುಖಕ್ಕೆ ಕೈ ಹಾಕುತ್ತಾರೆ. ನೀನು ಪಾದದಿಂದ ಶುರು ಮಾಡು. ಪಾದ ಕೆಟ್ಟರೆ ಯಾರೂ ನೋಡುವುದಿಲ್ಲ. ಬಣ್ಣ ತೆಳ್ಳಗಿರಲಿ. ಮನಸ್ಸಿಗೆ ಬಾರದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸು. ಆದರೆ ಮೆರುಗೆಣ್ಣೆ ಹಚ್ಚುವ ಮುಂಚೆಯೇ ಒರೆಸು. ಅದು ಹಿಡಿದ ಮೇಲೆ ಒಂದು ಚುಕ್ಕೆ ತೆಗೆಯಬೇಕಾದರೂ ಇಡೀ ಮುಖವನ್ನು ಅರದಿಂದ ಹೆರೆಯಬೇಕು.”

ಅವಳು ಹುರಿ ಬಿಚ್ಚಿ ಗೊಂಬೆಯ ಕೈಕಾಲುಗಳನ್ನು ಒಂದು ಮೊರದಲ್ಲಿ ಹರವಿಕೊಂಡಳು. ತಲೆಯನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಟ್ಟಳು. ಮುದುಕ ಹೇಳಿದಂತೆ ಪಾದದಿಂದ ಶುರು ಮಾಡಿದಳು. ಪಾದ ಚೆನ್ನಾಗಿಯೇ ಬಂತು. ಕಾಲಿಗೂ ಕೈಗೂ ಬಣ್ಣ ಹಚ್ಚಿದಳು. ಎಲ್ಲೂ ಬರೀ ಮರ ಕಾಣಬಾರದೆಂದು ಕೀಲಿನ ಗುಂಡುಗಳಿಗೂ ಹಚ್ಚಿದಳು. ಒಣಗಿದ ಮೇಲೆ ಜೋಡಿಸಿ ನೋಡಿದರೆ ಮೊಣಕೈ ತಿರುಗಲಿಲ್ಲ. ಒತ್ತಿದಾಗ ಬಣ್ಣ ಹಕ್ಕಳೆಯಾಗಿ ಎದ್ದು ಬಂತು. ಎರಡು ದಿನ ಕೂತು ಎಂಟೂ ಗುಂಡುಗಳನ್ನು ಹೆರೆದು ಮತ್ತೆ ಮರ ಮಾಡಿದಳು. ತಿರುಗಬೇಕಾದ ಜಾಗಕ್ಕೆ ಬಣ್ಣ ಹಚ್ಚಬಾರದೆಂದು ಹಾಗೆ ಕಲಿತಳು.

ಆಮೇಲೆ ತಲೆಯನ್ನು ಕೈಗೆ ತೆಗೆದುಕೊಂಡಳು. ಮೂಗಿನ ತುದಿಯನ್ನು ಅರದಿಂದ ತೀಡಿ ಮೊಂಡು ಮಾಡಿದಳು. ಮೊದಲು ಬರೆದ ಮುಖ ಅಂಗಡಿಯ ಗೊಂಬೆಯ ಮುಖವಾಯಿತು. ಬಿಲ್ಲಿನಂಥ ಹುಬ್ಬು, ಅಗಲವಾದ ಕಣ್ಣು. ನೋಡಲು ಚೆನ್ನಾಗಿತ್ತು, ತನ್ನವಳಾಗಿರಲಿಲ್ಲ. ಒರೆಸಿದಳು. ಎರಡನೆಯ ಸಲ ಒಂದು ಕಣ್ಣನ್ನು ರೆಪ್ಪೆಯವರೆಗೂ ಪೂರ್ತಿ ಮಾಡಿ ಇನ್ನೊಂದಕ್ಕೆ ಕೈ ಹಾಕಿದಳು. ಒಂದು ಕಣ್ಣು ಅವಳನ್ನು ನೋಡಿತು, ಇನ್ನೊಂದು ಬಾಗಿಲನ್ನು ನೋಡಿತು. ಅದನ್ನೂ ಒರೆಸಿದಳು. ಮೂರನೆಯ ಸಲ ಎರಡು ಕಣ್ಣನ್ನೂ ಜೊತೆಯಲ್ಲೇ ನಡೆಸಿದಳು. ಈ ಕಡೆ ಒಂದು ಗೆರೆ, ಆ ಕಡೆ ಒಂದು ಗೆರೆ. ಹನ್ನೊಂದನೆಯ ದಿನ ಕೆಳತುಟಿಗೆ ಬಣ್ಣ ಇಡುವಾಗ ಅವಳ ಕೈ ತಾನಾಗಿ ನಿಂತಿತು. ಎದುರಿಗೆ ನಿಂಗಿ ಇದ್ದಳು. ಏನನ್ನೋ ಕೇಳಲು ಬಾಯಿ ತೆರೆಯುವುದಕ್ಕೆ ಮುಂಚಿನ ನಿಂಗಿ.

ಗೊಂಬೆಯ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಎಳ್ಳುಕಾಳಿನಷ್ಟು ಮಚ್ಚೆ ಇಟ್ಟಳು. ತನ್ನ ಕೈಯೇ ಮತ್ತೆ ಒರೆಸದಿರಲಿ ಎಂದು ಆ ದಿನವೇ ಮೆರುಗೆಣ್ಣೆ ಹಚ್ಚಿದಳು.

ಕೂದಲು ಬೇಕಾಗಿತ್ತು. ತಲೆ ಬಾಚುವಾಗ ಉದುರಿದ ಕೂದಲನ್ನು ಅವಳು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ಅದನ್ನು ತೆಗೆದು ಬಿಡಿಸಿದಳು. ಯಾವ ಎಳೆ ತನ್ನದು, ಯಾವುದು ಮಗಳದು ಎಂದು ತಿಳಿಯಲಿಲ್ಲ. ಎರಡನ್ನೂ ಸೇರಿಸಿ ಅಂಟಿಸಿ ಜಡೆ ಹಾಕಿದಳು.

ಹುರಿ ಮಾತ್ರ ಅವಳಿಗೆ ಒಲಿಯಲಿಲ್ಲ. ಬಿಗಿಯಾಗಿ ಕಟ್ಟಿದರೆ ಕೂರಿಸಿದ ಗೊಂಬೆ ಕಾಲು ಝಾಡಿಸುತ್ತಿತ್ತು. ಸಡಿಲ ಮಾಡಿದರೆ ಕತ್ತು ವಾಲುತ್ತಿತ್ತು. ಸಾಕಾಗಿ ಕಂಬದ ಬಳಿ ಇಟ್ಟು ನೀರಿಗೆ ಹೋದಳು. ತಿರುಗಿ ಬಂದಾಗ ಗಂಡ ಅಲ್ಲಿ ಕೂತಿದ್ದ. ಹಗ್ಗ ಕಟ್ಟಿ ಬಿಚ್ಚಿಯೇ ಬದುಕಿದ ಮನುಷ್ಯ. ಅವಳ ಗಂಟುಗಳನ್ನೆಲ್ಲ ಬಿಚ್ಚಿ, ದೋಣಿ ಕಟ್ಟುವ ಗಂಟನ್ನೇ ಚಿಕ್ಕದಾಗಿ ಹಾಕಿ ಮುಗಿಸಿದ್ದ. ಕಂಬಕ್ಕೆ ಒರಗಿಸಿದ. ಗೊಂಬೆ ಕೂತಿತು. ಆಮೇಲೆ ಅವನು ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ.

“ಎಲ್ಲ ಅವಳೇ,” ಎಂದ. “ಮಚ್ಚೆ ಮಾತ್ರ ಆ ಕೆನ್ನೆಯಲ್ಲ. ಎಡಗೆನ್ನೆ.”

“ಹೆತ್ತವಳು ನಾನು. ದಿನಾ ತಲೆ ಬಾಚಿದವಳು ನಾನು. ನನಗೆ ಗೊತ್ತಿಲ್ಲವೇ?”

“ಸಂಜೆ ಕೊನೆಯ ಸುತ್ತಿಗೆ ದೋಣಿಯ ತುದಿಯಲ್ಲಿ ನನ್ನೆದುರಿಗೇ ಕೂರುತ್ತಿದ್ದಳಲ್ಲ. ಹುಟ್ಟು ಹಾಕುತ್ತಾ ನಾನು ನೋಡುತ್ತಿದ್ದುದು ಅವಳನ್ನೇ.”

“ನೀವು ನೋಡುತ್ತಿದ್ದುದು ಹೊಳೆಯನ್ನು,” ಎಂದಳು.

ಅವನು ಎದ್ದು ಹೋದ.

ಮರುದಿನ ಇಬ್ಬರೂ ನೆರೆಮನೆಗೆ ಹೋಗಿ ಕೇಳಿದರು. ನೆರೆಯವಳು ಸೊಪ್ಪು ಸೋಸುತ್ತಿದ್ದಳು. ನಿಂಗಿ ಆ ಅಂಗಳದಲ್ಲೇ ಆಡಿ ಬೆಳೆದವಳು. ನೆರೆಯವಳು ಸೊಪ್ಪನ್ನು ಕೆಳಗಿಟ್ಟು ಯೋಚಿಸಿ, “ಅಯ್ಯೋ, ಆ ಮಗುವಿಗೆ ಮಚ್ಚೆ ಇತ್ತಾ?” ಎಂದಳು. ಇಬ್ಬರೂ ಮನೆಗೆ ಬಂದರು.

ಅಂದಿನಿಂದ ಅವನು ದೋಣಿಯ ಬಳಿಯೇ ಉಣ್ಣತೊಡಗಿದ. ಮಗಳನ್ನು ಅವಳು ಮರೆತಳು ಎಂದು ಅವನು ತಿಳಿದ. ಅವನು ಮರೆತ ಎಂದು ಅವಳು ತಿಳಿದಳು. ಆದರೆ ಅವಳಿಗೆ ಇನ್ನೊಂದು ಕಷ್ಟ ಶುರುವಾಯಿತು. ಮಚ್ಚೆ ಯಾವ ಕಡೆ ಎಂದು ಒಳಗೆ ಹುಡುಕಿದಷ್ಟೂ ಮುಖ ಕದಡಿತು. ಮೊದಲು ಗದ್ದ ಹೋಯಿತು, ಆಮೇಲೆ ಹುಬ್ಬು. ಗೊಂಬೆಯ ಮುಖ ಒಂದೇ ಉಳಿಯಿತು. ಅದೇ ಸುಳ್ಳಾಗಿದ್ದರೆ ತನ್ನ ಬಳಿ ಇನ್ನೇನೂ ಇಲ್ಲ ಎಂದುಕೊಂಡಳು. ಸುಳ್ಳನ್ನು ಇಟ್ಟುಕೊಂಡು ಕೂರುವುದು ಬೇಡ, ಹೆರೆದುಬಿಡೋಣ ಎಂದು ಒಂದು ಬೆಳಿಗ್ಗೆ ಅರ ತೆಗೆದುಕೊಂಡಳು.

ಹೆರೆಯುವಾಗ ಜಡೆ ಹಾಳಾಗಬಾರದಲ್ಲ. ಮೊದಲು ಅದನ್ನು ಬಿಚ್ಚಿಡೋಣ ಎಂದು ಗೊಂಬೆಯನ್ನು ತನಗೆ ಬೆನ್ನು ಮಾಡಿ ಮುಂದೆ ಕೂರಿಸಿಕೊಂಡಳು. ಜಡೆಗೆ ಕೈ ಹಾಕುವ ಮುಂಚೆ, ರೂಢಿಯಂತೆ, ಪೆಟ್ಟಿಗೆಯಿಂದ ಕನ್ನಡಿಯನ್ನು ತೆಗೆದು ಗೋಡೆಗೆ ಒರಗಿಸಿದಳು. ಮಗಳು ಹೋದಾಗಿನಿಂದ ಅದು ಪೆಟ್ಟಿಗೆಯಲ್ಲೇ ಇತ್ತು. ತಲೆ ಎತ್ತಿ ನೋಡಿದಳು.

ಕನ್ನಡಿಯಲ್ಲಿ ಮಚ್ಚೆ ಅವಳು ನೆನಪಿಟ್ಟ ಕಡೆ ಇರಲಿಲ್ಲ. ಆಚೆ ಬದಿಗಿತ್ತು.

ಗೊಂಬೆಯನ್ನು ತನ್ನ ಕಡೆ ತಿರುಗಿಸಿದಳು. ಮಚ್ಚೆ ನೆನಪಿನ ಜಾಗಕ್ಕೆ ಬಂತು. ಮತ್ತೆ ಕನ್ನಡಿಗೆ ತಿರುಗಿಸಿದಳು. ಮತ್ತೆ ಆಚೆ ಹೋಯಿತು. ಆಗ ಅವಳಿಗೆ ತಿಳಿಯಿತು. ನಿಂಗಿ ಇಡೀ ದಿನ ಓಡಾಡುವ ಹುಡುಗಿ. ಅವಳ ಮುಖ ತಾಯಿಯ ಮುಂದೆ ಅಲ್ಲಾಡದೆ ನಿಲ್ಲುತ್ತಿದ್ದುದು ತಲೆ ಬಾಚುವ ಹೊತ್ತಿನಲ್ಲಿ ಮಾತ್ರ. ಆಗ ತಾಯಿ ಹಿಂದೆ ಕೂತಿರುತ್ತಿದ್ದಳು, ಕನ್ನಡಿ ಮುಂದೆ ಇರುತ್ತಿತ್ತು. ಅವಳು ಕಂಡದ್ದು, ಮನಸ್ಸಿನಲ್ಲಿ ಇಟ್ಟುಕೊಂಡದ್ದು, ಕನ್ನಡಿಯೊಳಗಿನ ಮುಖ. ಅದನ್ನೇ ಅವಳು ಮರದ ಮೇಲೆ ಬರೆದಿದ್ದಳು.

ಅವಳು ಬಾಗಿಲಿಗೆ ಬಂದು ಕೂಗಿದಳು. “ನಿಂಗಿಯಪ್ಪಾ!”

ಗಂಡ ದೋಣಿಯಿಂದ ನೀರು ಮೊಗೆಯುತ್ತಿದ್ದ. ಆ ಹೆಸರು ಕೇಳಿ ಪಾತ್ರೆಯನ್ನು ಅಲ್ಲೇ ಬಿಟ್ಟು ಓಡಿ ಬಂದ.

“ಇಲ್ಲಿ, ನಾನು ಕೂತಿದ್ದ ಜಾಗದಲ್ಲಿ ಕೂತು ನೋಡಿ. ಗೊಂಬೆಯನ್ನಲ್ಲ, ಕನ್ನಡಿಯನ್ನು ನೋಡಿ.”

ಅವನು ಗೊಂಬೆಯ ಹಿಂದೆ ಕೂತು ಕನ್ನಡಿಯನ್ನು ನೋಡಿದ. ದೋಣಿಯ ತುದಿಯಲ್ಲಿ ಕೂತವಳ ಮುಖ ಕಂಡಿತು. ಮಚ್ಚೆ ಅವನು ಹೇಳಿದ ಕಡೆಗೇ ಇತ್ತು.

“ನೀವು ಹೇಳಿದ್ದೇ ನಿಜ,” ಎಂದಳು ಅವಳು. “ನಾನು ಅವಳನ್ನು ಈ ಕನ್ನಡಿಯೊಳಗೆ ನೋಡಿದವಳು. ಹೆರೆದು ಸರಿಯಾಗಿ ಬರೆಯಲೇ?”

“ಇನ್ನೊಂದು ಸಲ ಹೀಗೆ ಬರುತ್ತಾಳಾ?”

“ಗೊತ್ತಿಲ್ಲ.”

ಅವನು ಅವಳ ಕೈಯಿಂದ ಅರವನ್ನು ತೆಗೆದು ಸೂರಿಗೆ ಸಿಕ್ಕಿಸಿದ. “ಇರಲಿ ಬಿಡು, ನಿಂಗಿಯವ್ವ,” ಎಂದ.

ಗೊಂಬೆಯನ್ನು ಕನ್ನಡಿಯ ಎದುರಿಗೇ ಕೂರಿಸಿದರು. ದಿನವೂ ಸ್ವಲ್ಪ ಹೊತ್ತು ಇಬ್ಬರೂ ಅಲ್ಲಿ ಕೂರುತ್ತಿದ್ದರು. ಅವಳು ಕನ್ನಡಿಯ ಪಕ್ಕಕ್ಕೆ ಕೂತು ಗೊಂಬೆಯ ಮುಖ ನೋಡುತ್ತಿದ್ದಳು. ಅವನು ಗೊಂಬೆಯ ಹಿಂದೆ ಕೂತು ಕನ್ನಡಿ ನೋಡುತ್ತಿದ್ದ. ಅವಳಿಗೆ ಅವಳು ಕಂಡ ಮಗಳು, ಅವನಿಗೆ ಅವನು ಕಂಡ ಮಗಳು. ಅವಳ ಗದ್ದವೂ ಹುಬ್ಬೂ ಒಂದೊಂದಾಗಿ ತಿರುಗಿ ಬಂದವು. ಅವನು ಮತ್ತೆ ಮನೆಯಲ್ಲೇ ಉಣ್ಣತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಒಪ್ಪಲಿಲ್ಲ.

“ಆದರೂ ಗುರುಗಳೇ, ಮಚ್ಚೆ ಇದ್ದುದು ಎಡಗೆನ್ನೆಯಲ್ಲೇ. ತಾಯಿ ಕನ್ನಡಿಯಲ್ಲಿ ನೋಡಿದಳು, ಅದಕ್ಕೇ ತಪ್ಪಿದಳು. ನಾನು ಹಾಗಲ್ಲ. ಹನ್ನೊಂದು ವರ್ಷ, ಬಿಸಿಲು ಮಳೆ ಎನ್ನದೆ, ಹಿರಿಯರ ಜೊತೆಗೇ ನಡೆದವನು ನಾನು.”

“ಛತ್ರಿ ಹಿಡಿದು ನೀನು ಅವರ ಮುಂದೆ ನಡೆಯುತ್ತಿದ್ದೆಯೋ, ಹಿಂದೆ ನಡೆಯುತ್ತಿದ್ದೆಯೋ?” ಎಂದರು ಗುರುಗಳು.