ಹೆಪ್ಪಿಗೆ ಉಳಿಯದ ಮೊಸರು

“ಗುರುಗಳೇ, ದಿನವೆಲ್ಲ ಮೈಮುರಿದು ದುಡಿಯುತ್ತೇನೆ. ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಆದರೂ ಮಾಡಲೇಬೇಕಾದ ಒಂದು ಕೆಲಸಕ್ಕೆ ಮಾತ್ರ ಹೊತ್ತೇ ಸಿಗುವುದಿಲ್ಲ. ಏನು ಮಾಡಲಿ?”

ಕೇಳಿದವನು ಬೋರಲಿಂಗ. ಮರದ ಬೊಂಬೆ ಮಾಡಿ, ತನ್ನದೇ ಸಣ್ಣ ಅಂಗಡಿಯಲ್ಲಿಟ್ಟು ಮಾರುವವನು. ವಾರಕ್ಕೊಮ್ಮೆ ಗುರುಗಳ ಬಳಿಗೆ ಬರುತ್ತಿದ್ದವನು ಈ ಸಲ ತಿಂಗಳಾದ ಮೇಲೆ ಬಂದಿದ್ದ. ಬಂದವನ ಕಿವಿಯ ಮೇಲೆ ಇನ್ನೂ ಮರದ ಪುಡಿ ಇತ್ತು.

“ಯಾವ ಕೆಲಸ ಅದು?” ಎಂದರು ಗುರುಗಳು.

“ಹೊಸ ಬೊಂಬೆ. ಮೂರು ವರ್ಷದಿಂದ ಅದೇ ಆನೆ, ಅದೇ ಬುಗುರಿ. ಮಕ್ಕಳು ಅಂಗಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಾರೆ. ಹೀಗೇ ಆದರೆ ಅಂಗಡಿ ಉಳಿಯುವುದಿಲ್ಲ ಎಂದು ಭಯವಾಗುತ್ತದೆ. ಆದರೆ ಒಬ್ಬರ ಆಟದ ಗಾಡಿಯ ಚಕ್ರ ಕಳಚಿರುತ್ತದೆ, ಒಬ್ಬರಿಗೆ ಬಣ್ಣ ಬದಲಾಗಬೇಕು, ಇನ್ನೊಬ್ಬರು ಸುಮ್ಮನೆ ಮಾತಿಗೆ ಬಂದು ಕೂರುತ್ತಾರೆ. ಎಲ್ಲ ಮುಗಿಸಿ ಮಾಡೋಣ ಎಂದರೆ ಎಲ್ಲ ಮುಗಿಯುವುದೇ ಇಲ್ಲ.”

ಗುರುಗಳು ನಕ್ಕು, “ಕೂತುಕೋ, ಒಬ್ಬ ಮೊಸರಿನವಳ ಕತೆ ಹೇಳುತ್ತೇನೆ” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಮೊಸರಿನವಳಿದ್ದಳು. ಗಡಿಗೆಯನ್ನು ಬೋರಲು ಹಾಕಿದರೂ ಅವಳ ಮೊಸರು ಬೀಳುವುದಿಲ್ಲ ಎಂದು ಜನ ಹೇಳುತ್ತಿದ್ದರು. ಯಾರೂ ಹಾಗೆ ಮಾಡಿ ನೋಡಿರಲಿಲ್ಲ. ಅಷ್ಟು ಹೊತ್ತು ಯಾರ ಮನೆಯಲ್ಲೂ ಅದು ಉಳಿಯುತ್ತಿರಲಿಲ್ಲ. ಅವಳ ಹೆಪ್ಪು ಅತ್ತೆಯ ಕಾಲದ್ದು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿನ ಹಾಲಿಗೆ. ನಲವತ್ತು ವರ್ಷ ಅದು ಒಂದು ದಿನವೂ ತಪ್ಪಿರಲಿಲ್ಲ.

ಆ ಚಮಚವನ್ನು ಅವಳು ತೆಗೆಯುತ್ತಿದ್ದದ್ದು ಮಾರಾಟವೆಲ್ಲ ಮುಗಿದ ಮೇಲೆ. ಗಡಿಗೆಯ ತಳದಲ್ಲಿ ಮಿಕ್ಕದ್ದೇ ಹೆಪ್ಪು. ಮೊದಮೊದಲು ಒಂದು ಸೌಟು ಮಿಗುತ್ತಿತ್ತು. ಹೆಸರು ಬೆಳೆದ ಹಾಗೆ ಅರ್ಧ ಸೌಟಾಯಿತು, ಆಮೇಲೆ ಬೆರಳಿನಲ್ಲಿ ಬಳಿದರೆ ಸಿಗುವಷ್ಟಾಯಿತು. ಅವಳು ಚಿಂತಿಸಲಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದು ಅವಳ ನಾಲಿಗೆಗೆ ಗೊತ್ತಿರಲಿಲ್ಲ. ಅದು ತನ್ನ ದೊಡ್ಡ ಗುಣ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ದಿನ ಗಡಿಗೆ ಖಾಲಿಯಾಗಿ, ಅವಳು ತಲೆಯ ಮೇಲಿಡುವ ಸಿಂಬೆ ಸುತ್ತಿ ಹೊರಡುವ ಹೊತ್ತಿಗೆ ಒಬ್ಬ ವ್ಯಾಪಾರಿ ಓಡೋಡಿ ಬಂದ.

“ಒಂದೇ ಒಂದು ಸೌಟು ಹಾಕವ್ವ. ಮನೆಗೆ ಬೀಗರು ಬಂದವ್ರೆ. ಮಾನ ಉಳಿಸು.”

ಅವಳು ತಳ ಕೆರೆದು ಕೊಟ್ಟಳು. ಅಷ್ಟಕ್ಕೂ ನಿಲ್ಲದೆ, ಗಡಿಗೆಗೆ ನೀರು ಹಾಕಿ ಕುಲುಕಿ, ದಾರಿಯಲ್ಲಿ ಹೋಗುತ್ತಿದ್ದವನೊಬ್ಬನಿಗೆ ಮಜ್ಜಿಗೆ ಎಂದು ಕುಡಿಸಿದಳು. ಇಬ್ಬರೂ ಅವಳನ್ನು ಬಾಯ್ತುಂಬ ಹರಸಿದರು. ಅವಳು ಖುಷಿಯಾಗಿ ಮನೆಗೆ ಬಂದಳು.

ಸಂಜೆ ಹಾಲು ಕಾಯಿಸಿದಳು. ಉಗುರು ಬೆಚ್ಚಗಾಯಿತು. ಹೆಪ್ಪಿಗೆಂದು ಗಡಿಗೆಗೆ ಕೈ ಹಾಕಿದರೆ ಗಡಿಗೆ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು.

ಅವಳು ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಿದಳು. “ನಿನ್ನ ಮೊಸರು ಬಂದಮೇಲೆ ನಾವು ಹೆಪ್ಪು ಹಾಕೋದನ್ನೇ ಮರೆತ್ವಲ್ಲ ಕಣೆ!” ಎಂದಳು ಪಕ್ಕದವಳು. ಎದುರು ಮನೆಯಲ್ಲೂ ಅದೇ ಮಾತು. ಬೀದಿಗೆ ಬೀದಿಯೇ ಅವಳ ಮೊಸರು ನೆಚ್ಚಿಕೊಂಡು, ಮಧ್ಯಾಹ್ನವೇ ಉಂಡು, ಕೈ ತೊಳೆದು ಕೂತಿತ್ತು. ತನ್ನ ಹೆಸರು ಇಷ್ಟು ದೊಡ್ಡದೆಂದು ಅವಳಿಗೆ ತಿಳಿದದ್ದು ಅವತ್ತೇ. ಅವಳಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಬೇರೆ ದಾರಿಯಿಲ್ಲದೆ ಹಾಲಿಗೆ ಹೆಪ್ಪಿನ ಬದಲು ಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟಳು. ಬೆಳಿಗ್ಗೆ ಗಡಿಗೆಯಲ್ಲಿ ಇದ್ದದ್ದು ಹಾಲೂ ಅಲ್ಲ, ಮೊಸರೂ ಅಲ್ಲ. ಪೇಟೆಯಲ್ಲಿ ಜನ ಮೂಗು ಮುರಿದರು. ಎಲ್ಲರಿಗಿಂತ ಜೋರಾಗಿ ಬೈದವನು ಹಿಂದಿನ ದಿನ ಮಾನ ಉಳಿಸಿಕೊಂಡಿದ್ದ ವ್ಯಾಪಾರಿ.

ಅತ್ತೆ ಕೊಟ್ಟದ್ದನ್ನು ಕಳೆದೆನಲ್ಲ ಎಂದು ಅವಳು ಕಣ್ಣೀರು ಒರೆಸಿಕೊಳ್ಳುತ್ತ ಬರುತ್ತಿದ್ದಾಗ, ಊರ ತುದಿಯ ಮನೆಯಿಂದ ಒಬ್ಬ ಮುದುಕಿ ಕರೆದಳು. ಈ ಮುದುಕಿಯನ್ನು ಕಂಡರೆ ಮೊಸರಿನವಳಿಗೆ ಆಗುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಒಂದೇ ಒಂದು ಸಲ ಕಾಲು ಸೇರು ಮೊಸರು ಕೊಂಡವಳು ಮತ್ತೆ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಜುಗ್ಗಿ ಎಂದು ಊರೆಲ್ಲ ಅವಳನ್ನು ಆಡಿಕೊಳ್ಳುತ್ತಿತ್ತು.

ಮುದುಕಿ ಒಂದು ಪುಟ್ಟ ಬಟ್ಟಲು ತಂದು ಕೈಗಿಟ್ಟಳು. ಮೊಸರಿನವಳು ನಾಲಿಗೆಗೆ ಹಚ್ಚಿ ನೋಡಿದಳು. ಅದು ಅವಳದೇ ಮೊಸರು.

“ಎಂಟು ವರ್ಷ ಹೆಂಗೆ ಉಳಿಸ್ಕೊಂಡೆ ಅಜ್ಜಿ?”

“ನೀನು ಮಾರಿ ಮಿಕ್ಕಿದ್ದನ್ನ ಹೆಪ್ಪಿಗೆ ಇಡ್ತಿದ್ದೆ ಕಣವ್ವ. ನಾನು ಹೆಪ್ಪಿಗೆ ತೆಗೆದಿಟ್ಟು, ಮಿಕ್ಕಿದ್ದನ್ನ ಉಣ್ತೀನಿ.”

ಮೊಸರಿನವಳು ಅಳುತ್ತಿದ್ದವಳು ನಕ್ಕುಬಿಟ್ಟಳು. ಅಲ್ಲಿಂದ ಮುಂದೆ ಅವಳು ಗಡಿಗೆಯ ಬಾಯಿಬಟ್ಟೆ ಬಿಚ್ಚಿದರೆ ಮೊದಲ ಚಮಚ ಗೋಡೆಯ ಗೂಡಿನಲ್ಲಿದ್ದ ಬಟ್ಟಲಿಗೆ, ಆಮೇಲೆ ಮಾರಾಟಕ್ಕೆ. ಗಡಿಗೆ ಖಾಲಿಯಾದರೆ, “ಮುಗೀತು, ನಾಳೆ ಬನ್ನಿ” ಎನ್ನತೊಡಗಿದಳು. ಮೊದಲ ದಿನ ಹೇಳುವಾಗ ನಾಲಿಗೆ ತಡವರಿಸಿತು. ವ್ಯಾಪಾರಿ ಸಿಟ್ಟಾಗಿ, ಇನ್ನು ಜನ್ಮದಲ್ಲಿ ನಿನ್ನ ಮೊಸರು ಮುಟ್ಟುವುದಿಲ್ಲ ಎಂದು ಹೋದ. ಮರುದಿನ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದವನೂ ಅವನೇ.

ಗುರುಗಳು ಕತೆ ನಿಲ್ಲಿಸಿದರು. ಬೋರಲಿಂಗನಿಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಗಿ, ಎದ್ದು ಕೈಮುಗಿದ.

“ತಿಳಿಯಿತು ಗುರುಗಳೇ. ನಾಳೆಯಿಂದ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ, ಏನೇ ಆಗಲಿ, ಒಂದು ಗಳಿಗೆ ಹೊಸ ಬೊಂಬೆಗೆ ಕೂರುತ್ತೇನೆ.”

“ಅವಳು ಗಡಿಗೆಗೆ ಕೈ ಹಾಕಿದ್ದೂ ಸಂಜೆಯೇ, ಬೋರಲಿಂಗ” ಎಂದರು ಗುರುಗಳು.

ಬೋರಲಿಂಗ ಮುಗಿದ ಕೈ ಇಳಿಸಿ, “ಹಾಗಾದರೆ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುವ ಮೊದಲು” ಎಂದ.